ತಾರಸಿಯ ತಾಲೀಮು

ಐವತ್ತು ಕಿಲೋಮೀಟರ್ ನಡಿಗೆ! ಅದೂ ಒಂದೇ ದಿನದಲ್ಲಿ! ಆಫೀಸಿನ ನೋಟೀಸ್ ಬೋರ್ಡಿನಲ್ಲಿ ಆ ಪ್ರಕಟಣೆ ಕಂಡ ಕೂಡಲೇ, ಇಪ್ಪತ್ತು ವರ್ಷ ಒಂದೇ ಕುರ್ಚಿಯನ್ನು ಸವೆಸಿದ ನನ್ನೊಳಗೆ ಮಹಾವೀರನೊಬ್ಬ ಎದ್ದು ಕುಳಿತ. ಎದ್ದು ನಿಲ್ಲಲಿಲ್ಲವೇ ಎಂದು ಕೇಳಬೇಡಿ; ಅವನಿಗೂ ಕೂತೇ ಅಭ್ಯಾಸ.

"ನಡೆದೇ ತೀರ್ತೀನಿ!" ಎಂದು ಇಡೀ ಸೆಕ್ಷನ್ನಿಗೆ ಕೇಳುವಂತೆ ಘೋಷಿಸಿದೆ.

"ಕ್ಯಾಂಟೀನಿಗೇ ಲಿಫ್ಟಲ್ಲಿ ಹೋಗ್ತೀರಲ್ಲ ಸಾರ್?" ಎಂದರು ಕ್ಯಾಷಿಯರ್ ಮೇಡಂ.

"ಶಕ್ತಿ ಉಳಿಸ್ತಾ ಇದ್ದೆ ಮೇಡಂ!"

ಮನೆಯಲ್ಲಿ ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆ ನೋಟ ದಾರಿಯಲ್ಲಿ ಹೊಟ್ಟೆಯ ಬಳಿ ತುಸು ಹೊತ್ತು ತಂಗಿತು.

"ಹೋಗಿ. ಆದ್ರೆ ವಾಪಸ್ ಬರೋದಕ್ಕೂ ಸ್ವಲ್ಪ ಕಾಲು ಉಳಿಸ್ಕೊಳ್ಳಿ," ಎಂದಳು.

ತರಬೇತಿ ಶುರುವಾಯಿತು. ಅದರ ಹಿಂದೆಯೇ ಸುಸ್ತು ಮನೆಗೆ ಬಂದು ಖಾಯಂ ಆಗಿ ಬೀಡುಬಿಟ್ಟಿತು. ಮೀಟಿಂಗಿನಲ್ಲಿ ತೂಕಡಿಸಿದೆ, ಹಲ್ಲುಜ್ಜುತ್ತ ತೂಕಡಿಸಿದೆ, ಸಾಕ್ಸ್ ಹಾಕಿಕೊಳ್ಳಲು ಬಗ್ಗಿದವನು ಬಗ್ಗಿದಲ್ಲೇ ಗೊರಕೆ ಹೊಡೆದೆ. ಆದರೂ ಕೊಟ್ಟ ಮಾತು! ನಡಿಗೆಗೆ ವಾರವಷ್ಟೇ ಉಳಿದಿದ್ದ ಭಾನುವಾರ, "ಸಂಜೆವರೆಗೂ ನಡಿಗೆ, ನನಗೆ ಕಾಯ್ಬೇಡ" ಎಂದು ಠೀವಿಯಿಂದ ಹೊರಟೆ.

ಬಸ್ ಸ್ಟಾಪಿನ ಆಚೆಯ ಏರು ಕಂಡದ್ದೇ ತಡ, ಕಾಲುಗಳು ಮುಷ್ಕರ ಹೂಡಿದವು. ಏರೂ ಇಲ್ಲದ, ನೋಡುವವರೂ ಇಲ್ಲದ ಜಾಗವೆಂದರೆ ನಮ್ಮ ತಾರಸಿಯೇ ಅಲ್ಲವೇ? ಮನೆಗೆ ಮರಳಿದಾಗ ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಫೋನನ್ನು ಚಾರ್ಜಿಗೆ ಹಾಕಿ, ಕಳ್ಳಹೆಜ್ಜೆಯಲ್ಲಿ ಮೆಟ್ಟಿಲೇರಿದೆ. ನಡೆಯುವ ಮುನ್ನ ಒಂದಿಷ್ಟು ಸುಧಾರಿಸಿಕೊಳ್ಳೋಣವೆಂದು ನೀರಿನ ಟ್ಯಾಂಕಿನ ನೆರಳಿನಲ್ಲಿ ಒರಗಿದೆ.

ಎಚ್ಚರವಾದಾಗ ತಾರಸಿಯ ಬಾಗಿಲಿಗೆ ಒಳಗಿನಿಂದ ಚಿಲಕ! ಕೆಳಗೆ ಇಣುಕಿದರೆ ಗೇಟಿಗೆ ಬೀಗ! ನಾನು ಊರಾಚೆ ನಡೆಯುತ್ತಿದ್ದೇನೆಂದು ನಂಬಿದ ನನ್ನಾಕೆ ತನ್ನ ಅಕ್ಕನ ಮನೆಗೆ ಹೊರಟುಹೋಗಿದ್ದಳು.

ಪಕ್ಕದ ಮನೆಯವರು ಪ್ರವಾಸದಲ್ಲಿದ್ದರು. ಬೀದಿಯಲ್ಲಿ ರಸ್ತೆ ಅಗೆಯುವ ಯಂತ್ರದ ಅಬ್ಬರ. ಎದುರು ತಾರಸಿಯಲ್ಲಿ ನರ್ಸಮ್ಮ ಬಟ್ಟೆ ಒಣಹಾಕುತ್ತಿದ್ದರು. ಎರಡೂ ಕೈ ಎತ್ತಿ ಬೀಸುತ್ತ, "ಬಾಗಿಲು ತೆಗೀರೀ!" ಎಂದು ಕಿರುಚಿದೆ. ಯಂತ್ರ ಮೊದಲಿನದನ್ನೆಲ್ಲ ನುಂಗಿ, ಕೊನೆಯ "ರೀ"ಯನ್ನಷ್ಟೇ ಆಚೆ ದಡಕ್ಕೆ ದಾಟಿಸಿತು. ನರ್ಸಮ್ಮ ಮೆಚ್ಚುಗೆಯಿಂದ ತಲೆಯಾಡಿಸಿ, ಬಕೆಟ್ ಕೆಳಗಿಟ್ಟು, ನನ್ನಂತೆಯೇ ಕೈ ಬೀಸಿ "ರೀ!" ಎಂದರು.

ನಾನು ಕುಪ್ಪಳಿಸಿದೆ, ಅವರೂ ಕುಪ್ಪಳಿಸಿದರು. ನಾನು ತಿರುಗಿ ಬಾಗಿಲು ತೋರಿಸಿದೆ. ಅವರು ಸೊಂಟ ತಿರುಗಿಸಿದರು. "ರೀ" ಕೇಳಿಸಿಕೊಂಡ ಅವರ ಯಜಮಾನರು ಗಾಬರಿಯಿಂದ ಮೇಲೆ ಓಡಿಬಂದು, ಅವರೂ ಪಕ್ಕದಲ್ಲಿ ನಿಂತರು. ಅದರಾಚೆ ಟೈಲರ್ ದಂಪತಿ, ಅದರಾಚೆ ನಿವೃತ್ತ ಡ್ರಿಲ್ ಮೇಷ್ಟ್ರು! ತಾರಸಿ ತಾರಸಿಯಲ್ಲೂ "ರೀ! ರೀ!" ಎಂಬ ಘೋಷ. ಕರೆದದ್ದು ತಮ್ಮನ್ನೇ ಎಂದುಕೊಂಡು ಬೀದಿಯ ಗಂಡಂದಿರೆಲ್ಲ "ಏನೇ? ಏನಾಯ್ತೇ?" ಎನ್ನುತ್ತ ಒಬ್ಬೊಬ್ಬರಾಗಿ ಮೇಲೆ! ನಾನು ಕೈ ಇಳಿಸಿದರೆ ಮೇಷ್ಟ್ರು ಸೀಟಿ ಊದುತ್ತಿದ್ದರು. ಸೋತು ಕುಸಿದು ಕುಳಿತೆ. ಎಲ್ಲರೂ ಬಸ್ಕಿ ಹೊಡೆದರು.

ಮಧ್ಯಾಹ್ನ ನನಗೆ ಕೈಮುಗಿದು ಎಲ್ಲರೂ ಊಟಕ್ಕೆ ಇಳಿದರು. ಉಳಿದದ್ದು ನಾನು, ಬಿಸಿಲು ಮತ್ತು ಟ್ಯಾಂಕಿನ ನಲ್ಲಿಯ ಕಾದ ನೀರು. ನೆರಳು ಸರಿದಂತೆಲ್ಲ ಟ್ಯಾಂಕಿನ ಸುತ್ತ ನಾನೂ ಸರಿದೆ. ಅಷ್ಟು ದಣಿದದ್ದು ನೆನಪಿಲ್ಲ. ಅಳೋಣವೆಂದರೆ ಕೈಯೆತ್ತಿ ಕಣ್ಣೊರೆಸಿಕೊಳ್ಳಲೂ ತ್ರಾಣವಿರಲಿಲ್ಲ!

ಸಂಜೆ ಚಿಲಕ ಸರಿಯಿತು. ಹೆಂಡತಿ ನನ್ನನ್ನು ಮೆಲ್ಲಗೆ ಇಳಿಸಿ, ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಡಿಸಿದಳು. ಐವತ್ತು ಕಿಲೋಮೀಟರನ್ನೂ ಅದರಲ್ಲೇ ಮುಳುಗಿಸಿದೆ.

"ನಾನು ಮೇಲಿರೋದು ನಿಂಗೆ ಹೇಗೆ ಗೊತ್ತಾಯ್ತು?"

"ನರ್ಸಮ್ಮ ಫೋನ್ ಮಾಡಿದ್ರು."

"ಯಾವಾಗ?"

"ಬೆಳಿಗ್ಗೇನೇ."

ಬಕೆಟ್ಟಿನ ನೀರು ತುಳುಕಿತು. "ಬೆಳಿಗ್ಗೇನಾ! ಆಗ್ಲೇ ಬರೋದಲ್ವೇನೇ?"

"ಹೊರಟಿದ್ದೆ ರೀ. ಆದ್ರೆ ಅವ್ರು, ‘ನಿಮ್ಮ ಯಜಮಾನ್ರು ಎಂಥಾ ಶಿಸ್ತಿನ ಮನುಷ್ಯ, ಇಡೀ ಬೀದಿಗೇ ಮಾದರಿ’ ಅಂತಿದ್ರು." ಅವಳು ಟವೆಲನ್ನು ನನ್ನ ಹೆಗಲಿಗೆ ಹಾಕಿದಳು. "ಮದ್ವೆ ಆದಾಗಿಂದ ನಿಮ್ಮನ್ನ ಒಬ್ರು ಹೊಗಳಿದ್ದು ಇದೇ ಮೊದಲು. ಹಾಳು ಮಾಡೋಕೆ ಮನಸ್ಸು ಬರ್ಲಿಲ್ಲ."