ಮಗ್ಗದಿಂದ ಇಳಿದ ಆ್ಯಪ್

ವೀರೇಶ್ ಬೆಂಗಳೂರಿಗೆ ತರಬೇತಿಗೆಂದು ಹೋಗದೇ ಇದ್ದಿದ್ದರೆ ಮಾರುತೇಶನಿಗೆ ಈ ಫಜೀತಿ ಬರುತ್ತಲೇ ಇರಲಿಲ್ಲ.

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳ ರಸ್ತೆಯ ಒಂದು ಹಿಂಡಿ ಅಂಗಡಿಯ ಮೇಲೆ ವೀರೇಶನ ಸಾಫ್ಟ್‌ವೇರ್ ಆಫೀಸು. ಕಂಪ್ಯೂಟರುಗಳಿಗೂ ಶೇಂಗಾ ಹಿಂಡಿಯ ವಾಸನೆ ಹತ್ತಿತ್ತು. ತರಬೇತಿ ಮುಗಿಸಿ ಬಂದ ವೀರೇಶ್ ಒಂದು ಚೀಲ ಹಳದಿ ಚೀಟಿ ತಂದ. ಜೊತೆಗೆ ಅಜೈಲ್ ಎಂಬ ಪದ್ಧತಿಯನ್ನೂ ತಂದ. ಇನ್ನು ಮೇಲೆ ಎಲ್ಲವನ್ನೂ ಕಟ್ಟಿ ಮುಗಿಸಿ ಆಮೇಲೆ ತೋರಿಸುವುದಿಲ್ಲ, ಸ್ವಲ್ಪ ಸ್ವಲ್ಪವೇ ಮಾಡುವುದು, ಎರಡು ವಾರಕ್ಕೊಮ್ಮೆ ಆದಷ್ಟನ್ನು ಗಿರಾಕಿಗೆ ತೋರಿಸುವುದು, ಅವರು ಹೇಳಿದಂತೆ ತಿದ್ದುತ್ತಾ ಹೋಗುವುದು ಎಂದು ಎಲ್ಲರಿಗೂ ವಿವರಿಸಿದ. ಮಾಡಬೇಕಾದ ಕೆಲಸವನ್ನೆಲ್ಲ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಬೆಳಿಗ್ಗೆ ಎಲ್ಲರೂ ಎದ್ದು ನಿಂತು ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಏನು ಅಡ್ಡ ಬಂದಿದೆ ಎಂದು ಒಪ್ಪಿಸಬೇಕು.

ಕರೆಂಟು ಹೋಗಿ ಬಂದಾಗಲೆಲ್ಲ ಫ್ಯಾನು ಜೋರಾಗಿ ತಿರುಗಿ ಚೀಟಿಗಳು ಕಿಟಕಿಯಿಂದ ಹಾರುತ್ತಿದ್ದವು. ಮಾರುತೇಶನಿಗೆ ವಹಿಸಿದ್ದ ಒಂದು ಕೆಲಸ ಹೀಗೇ ಹಾರಿ, ಹಿಂಡಿ ಚೀಲಕ್ಕೆ ಅಂಟಿಕೊಂಡು, ಲಾರಿ ಹತ್ತಿ ಹೋಗಿಬಿಟ್ಟಿತು. ಅದು ಏನು ಕೆಲಸವಾಗಿತ್ತೆಂದು ಇವತ್ತಿಗೂ ಯಾರಿಗೂ ನೆನಪಿಲ್ಲ.

ಎದುರಿನ ಟೀ ಅಂಗಡಿಯ ಪಾತಮ್ಮ ಇದನ್ನೆಲ್ಲ ದಿನಾ ನೋಡುತ್ತಿದ್ದಳು. ಹುಡುಗರು ಸಾಲಾಗಿ ನಿಂತಿದ್ದು, ವೀರೇಶ್ ಒಬ್ಬೊಬ್ಬರನ್ನೇ ಕೇಳುತ್ತಿದ್ದುದು, ಮಾರುತೇಶ್ ತಲೆ ತಗ್ಗಿಸಿದ್ದು, ಎಲ್ಲವೂ ಅವನ ಅವ್ವ ಸೂರಮ್ಮನ ಕಿವಿಗೆ ಬಿತ್ತು. ಅವತ್ತು ಸಂಜೆ ಸೂರಮ್ಮ ಮಗನ ತಟ್ಟೆಗೆ ಮುದ್ದೆ ಇಡುತ್ತಾ, "ಏನು ತಪ್ಪು ಮಾಡಿದೀಯಪ್ಪ? ದಿನಾ ನಿಲ್ಲಿಸ್ತಾರಂತೆ" ಎಂದು ಕೇಳಿದಳು. ಅದು ಪದ್ಧತಿ ಎಂದು ಅವನು ಎಷ್ಟು ಹೇಳಿದರೂ, "ಶಾಲೇಲೂ ಹಂಗೇ ಅಂತಿದ್ದೆ" ಎಂದು ಒಳಗೆ ಹೋದಳು.

ಮಾರುತೇಶನಿಗೆ ತಪ್ಪಿನ ಭಯವಿರಲಿಲ್ಲ. ಇದ್ದದ್ದು ಕೆಲಸ ಹೋಗುವ ಭಯ. ಅವನನ್ನು ಇನ್ನೂ ಕಾಯಂ ಮಾಡಿರಲಿಲ್ಲ. ಮೊಳಕಾಲ್ಮೂರಿನ ನೇಕಾರರ ಸಂಘಕ್ಕೆ ಸೀರೆ ಮಾರುವ ಒಂದು ಆ್ಯಪ್ ಮಾಡಿಕೊಡುವ ಕೆಲಸ ಬಂದಿತ್ತು. ಅದಕ್ಕೆಂದೇ ಅವನನ್ನು ಸೇರಿಸಿಕೊಂಡಿದ್ದರು. ಎರಡು ವಾರ ಮುಗಿದಿದ್ದವು. ಆ್ಯಪಿನಲ್ಲಿ ಸೀರೆಗಳ ಚಿತ್ರ ಬರುತ್ತಿತ್ತು. ಉಳಿದದ್ದು ಬರೀ ಗುಂಡಿಗಳು, ಒತ್ತಿದರೆ ಏನೂ ಆಗುತ್ತಿರಲಿಲ್ಲ, ಹೆಚ್ಚೆಂದರೆ ಬಿಳಿ ಹಾಳೆ ಬರುತ್ತಿತ್ತು.

ವೀರೇಶ್ ಲ್ಯಾಪ್‌ಟಾಪನ್ನೂ ಒಂದು ಕಟ್ಟು ಹಳದಿ ಚೀಟಿಯನ್ನೂ ಅವನ ಕೈಗಿಟ್ಟು ಹೇಳಿದ. "ಹೋಗಿ ಆದಷ್ಟು ತೋರಿಸು. ಅವರೇನಂತಾರೋ ಬರ್ಕೊಂಡು ಬಾ. ಇವತ್ತು ಗಿರಾಕಿ ಬಾಯಿಂದ ಒಳ್ಳೆ ಮಾತು ಬಂದ್ರೆ ನಿನ್ನ ಕಾಯಂ ವಿಷ್ಯ ನೋಡೋಣ. ನೋಡ್ದೇನೇ ಕಳಿಸಿದ್ರೆ ನನ್ನ ಹತ್ರ ಬರಬೇಡ."

ಬಸ್ಸು ತಳಕು ಎಂಬ ಊರು ದಾಟುವವರೆಗೂ ಮಾರುತೇಶ್ ಲ್ಯಾಪ್‌ಟಾಪನ್ನು ಎಳೆಗೂಸಿನಂತೆ ಎದೆಗೆ ಅವಚಿಕೊಂಡಿದ್ದ. ಪಕ್ಕದ ಅಜ್ಜ ಅದರ ಮೇಲೆ ತನ್ನ ಸಂತೆಯ ಚೀಲ ಇಡಲು ಜಾಗ ಕೇಳಿದ. ಬೇಡವೆನ್ನಲಾಗದೆ ಅವನು ಇಡಿಸಿಕೊಂಡ. ಮೊಳಕಾಲ್ಮೂರಲ್ಲಿ ಇಳಿಯುವಾಗ ಅವನ ಅಂಗಿಯಿಂದ ಈರುಳ್ಳಿ ವಾಸನೆ ಬರುತ್ತಿತ್ತು.

ಸಂಘದ ಅಧ್ಯಕ್ಷ ರಂಗಯ್ಯನವರ ಮನೆಯಲ್ಲಿ ಮಗ್ಗದ ಸದ್ದು ಬೀದಿಗೇ ಕೇಳುತ್ತಿತ್ತು. ರಂಗಯ್ಯ ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯಿಂದ ಎದ್ದು ಬಂದು, "ರಾ ನಾಯನಾ, ಕೂತ್ಕೋ" ಎಂದು ಅರ್ಧ ತೆಲುಗಿನಲ್ಲಿ ಕರೆದು ಚಾಪೆ ತೋರಿಸಿದರು. ಸೊಸೆ ಚೌಡೇಶ್ವರಿ ನೀರು ತಂದಳು. ಮಾರುತೇಶ್ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಮಾತನ್ನು ಶುರು ಮಾಡಿದ.

"ಇದು ಇನ್ನೂ ಪೂರ್ತಿ ಆಗಿಲ್ಲ ರೀ. ಅರ್ಧ ಆಗೈತೆ. ಹಂಗೇ ನೀವು ನೋಡಿ..."

ಅವನು ಮುಚ್ಚಳ ತೆರೆಯುವಷ್ಟರಲ್ಲಿ ರಂಗಯ್ಯ ಮುಖ ಆಚೆ ತಿರುಗಿಸಿದರು. ಹೆಗಲ ಟವೆಲ್ಲು ತೆಗೆದು ಲ್ಯಾಪ್‌ಟಾಪಿನ ಮೇಲೆ ಹೊದಿಸಿ, ಸುತ್ತಲೂ ಸರಿಯಾಗಿ ಸಿಕ್ಕಿಸಿದರು. ಸ್ನಾನ ಮಾಡಿಸಿದ ಮಗುವಿಗೆ ಹೊದಿಸುವ ಹಾಗಿತ್ತು.

"ಮಗ್ಗದ ಮ್ಯಾಲಿರೋ ಸೀರೆನ ಕೊಳ್ಳೋರಿಗೆ ತೋರಿಸಂಗಿಲ್ಲ" ಎಂದರು. "ನಮ್ಮ ತಾತನ ಕಾಲದಿಂದ ಈ ಮನೇಲಿ ಹಂಗೇ. ಕಣ್ಣು ಬಿದ್ರೆ ಕೆಡ್ತೈತೆ. ಮಗ್ಗದಿಂದ ಕೊಯ್ದು ಇಳಿಸಿದ ಮ್ಯಾಲೆ ತಗೊಂಬಾ, ನೋಡ್ತೀನಿ."

ಇದು ಸೀರೆಯಲ್ಲ ಎಂದು ಮಾರುತೇಶ್ ಹೇಳಿ ನೋಡಿದ. ಹೊಸ ಪದ್ಧತಿ ಎಂದ. ನೀವು ತಪ್ಪು ಹೇಳಿದರೆ ನನಗೇ ಒಳ್ಳೆಯದು ಎಂದ. ರಂಗಯ್ಯ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಹುಡುಗನಿಗೆ ಬಿಸಿಲು ಹತ್ತಿದೆ, ಮಜ್ಜಿಗೆ ಕೊಡು ಎಂದು ಸೊಸೆಗೆ ಹೇಳಿ ಮಗ್ಗಕ್ಕೆ ಹೋದರು. ಟವೆಲ್ಲಿನ ಕೆಳಗೆ ಲ್ಯಾಪ್‌ಟಾಪಿನ ದೀಪ ಮಿಣಮಿಣ ಎನ್ನುತ್ತಿತ್ತು.

ಚೌಡೇಶ್ವರಿ ಮಜ್ಜಿಗೆ ಕೊಡುತ್ತಾ ಅವನ ಮುಖ ನೋಡಿದಳು. ನೋಡದೇ ಕಳಿಸಿದರೆ ಕೆಲಸ ಹೋಗುತ್ತದೆ ಎಂದು ಅವನು ಅರ್ಧ ಅಳುವ ದನಿಯಲ್ಲಿ ಹೇಳಿದ. ಅವಳು ಮಗ್ಗದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಮುಗ್ದೈತೆ ಅಂದ್ಬಿಡಣ್ಣ. ಅವಾಗ ನೋಡೇ ನೋಡ್ತಾರೆ."

"ಮುಗ್ದಿಲ್ಲಲ್ಲಕ್ಕ."

"ನೋಡೋರಿಗೆ ಎಲ್ಲಿ ಗೊತ್ತಾಗ್ತೈತೆ? ನಂಗೇ ಗೊತ್ತಾಗಲ್ಲ."

ಮಾರುತೇಶ್ ಮಜ್ಜಿಗೆ ಒಂದೇ ಗುಟುಕಿಗೆ ಕುಡಿದ. ಮಗ್ಗದ ಹತ್ತಿರ ಹೋಗಿ, ತಪ್ಪಾಯಿತು, ನಾನು ಸಂಕೋಚಕ್ಕೆ ಹಾಗೆ ಹೇಳಿದೆ, ಕೆಲಸ ಮುಗಿದಿದೆ ಎಂದ. ಅವನ ದನಿ ಅವನಿಗೇ ಬೇರೆಯವರ ದನಿಯಂತೆ ಕೇಳಿಸಿತು.

ಮಗ್ಗದ ಸದ್ದು ನಿಂತಿತು. ಆಮೇಲೆ ನಡೆದದ್ದನ್ನು ತಡೆಯುವುದು ಯಾರ ಕೈಲೂ ಆಗುತ್ತಿರಲಿಲ್ಲ. ರಂಗಯ್ಯ ಕೈಕಾಲು ತೊಳೆದು ಬಂದರು. ಲ್ಯಾಪ್‌ಟಾಪನ್ನು ಮಣೆಯ ಮೇಲೆ ಇಡಿಸಿದರು. ಚೌಡೇಶ್ವರಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದಳು, ಕುಂಕುಮ ಒಂದೆರಡು ಅಕ್ಷರದ ಕೀಗಳ ಸಂದಿಗೂ ಇಳಿಯಿತು. ತೆಂಗಿನಕಾಯಿ ಒಡೆದ ಸದ್ದಿಗೆ ಅಕ್ಕಪಕ್ಕದ ಮನೆಗಳ ಮಗ್ಗಗಳೂ ನಿಂತವು. ಬೀದಿಯ ನೇಕಾರರೆಲ್ಲ ನಡುಮನೆಯಲ್ಲಿ ತುಂಬಿಕೊಂಡರು. ಬೀದಿಗೇ ಹಿರಿಯಳಾದ ಹೊನ್ನಕ್ಕನನ್ನು ಕೈ ಹಿಡಿದು ಕರೆತಂದು ಮುಂದೆ ಕೂರಿಸಿದರು.

ಮೊದಲು ಸೀರೆಯ ಚಿತ್ರಗಳು ಬಂದವು. ಎಲ್ಲರೂ ತಲೆ ಆಡಿಸಿದರು. ರಂಗಯ್ಯ ಇನ್ನು ಹಿಂದಲ ಮಗ್ಗುಲು ನೋಡಬೇಕು ಎಂದು ಲ್ಯಾಪ್‌ಟಾಪನ್ನು ತಿರುಗಿಸಿದರು. ಗಂಟು ಎಳೆ ಏನಾದರೂ ಬಿಟ್ಟಿದೆಯೋ ಎಂದು ಬೆನ್ನಿನ ಮೇಲೆ ಅಂಗೈ ಸವರಿ, ನಯವಾಗಿದೆ ಎಂದು ಒಪ್ಪಿದರು. ಆಮೇಲೆ ಮತ್ತೆ ಮುಂದಕ್ಕೆ ತಿರುಗಿಸಿ 'ಆರ್ಡರ್' ಎಂಬ ಗುಂಡಿ ಒತ್ತಿದರು.

ಏನೂ ಆಗಲಿಲ್ಲ.

"ಆರ್ಡರ್ ಇನ್ನೂ ಯಾರೂ ಕೊಟ್ಟಿಲ್ಲಲ್ಲ" ಎಂದರು ರಂಗಯ್ಯ ಸುತ್ತಲಿನವರಿಗೆ. "ಇಲ್ದಿದ್ದನ್ನ ಐತೆ ಅಂತ ತೋರಿಸ್ತಿಲ್ಲ. ಪ್ರಾಮಾಣಿಕ ಐತೆ."

'ದೂರುಗಳು' ಎಂಬುದನ್ನು ಒತ್ತಿದರು. ಬಿಳಿ ಹಾಳೆ ಬಂತು. ಸಂಘದ ಮೇಲೆ ಒಂದು ದೂರೂ ಇಲ್ಲವೆಂದು ರಂಗಯ್ಯನವರ ಮುಖ ಅರಳಿತು. ಅವರು ಅಧ್ಯಕ್ಷರಾದ ಮೇಲೆ ಇಂಥ ಒಳ್ಳೆಯ ಸುದ್ದಿ ಕೇಳಿದ್ದೇ ಇಲ್ಲ ಎಂದು ಒಬ್ಬ ಕುಟುಕಿದ, ಎಲ್ಲರೂ ನಕ್ಕರು.

ಮಾರುತೇಶ್ ಹಳದಿ ಚೀಟಿ ಹಿಡಿದು, ಏನಾದರೂ ಒಂದು ತಪ್ಪು ಹೇಳಿ ಎಂದು ಬೇಡಿಕೊಂಡ. ಮಗ್ಗದಿಂದ ಇಳಿದದ್ದರಲ್ಲಿ ತಪ್ಪು ಹುಡುಕುವುದು ನೇಯ್ದವನಿಗೆ ಮಾಡುವ ಅವಮಾನ, ಅಂಥ ಕೆಲಸ ನಮ್ಮಿಂದಾಗದು ಎಂದು ಎಲ್ಲರೂ ಕೈ ಮುಗಿದರು. ರಂಗಯ್ಯ ಅಲ್ಲೇ ವೀರೇಶನಿಗೆ ಫೋನು ಹಚ್ಚಿ, ಮಾಲು ಇಳಿಯಿತು, ಪೂಜೆ ಆಯಿತು, ಇನ್ನು ಒಂದೆಳೆಯನ್ನೂ ಸೇರಿಸಬೇಕಾಗಿಲ್ಲ, ನಿಮ್ಮ ಹುಡುಗ ಬಂಗಾರ ಎಂದರು. ಫೋನನ್ನು ಮಾರುತೇಶನ ಕೈಗೆ ಕೊಟ್ಟರು. ಅವನು ಅಂಗಳಕ್ಕೆ ಬಂದ.

"ಮಾರುತೇಶಾ, ಎರಡೇ ವಾರಕ್ಕೆ ಮುಗಿಸಿದೀಯಲ್ಲೋ" ಎಂದ ವೀರೇಶ್. ಅವನ ದನಿಯಲ್ಲಿ ನಿಜವಾದ ಸಂತೋಷವಿತ್ತು. "ಈ ಪದ್ಧತಿಗೆ ಇಷ್ಟು ಶಕ್ತಿ ಐತೆ ಅಂತ ನಂಗೇ ಗೊತ್ತಿರಲಿಲ್ಲ."

"ಹಂಗಾದ್ರೆ ನನ್ನ ಕಾಯಂ ವಿಷ್ಯ, ಸಾರ್?"

"ಅದೇ ನೋಡಪ್ಪ. ನಿನ್ನ ತಗೊಂಡಿದ್ದು ಈ ಆ್ಯಪಿಗೆ. ಅದೀಗ ಮುಗೀತು. ಇನ್ನು ನಿನಗೆ ಏನ್ ಕೆಲ್ಸ ಕೊಡ್ಲಿ? ಲ್ಯಾಪ್‌ಟಾಪ್ ತಂದಿಟ್ಟು ಹೋಗು. ಬೇರೆ ಏನಾದ್ರೂ ಬಂದ್ರೆ ಫೋನ್ ಮಾಡ್ತೀನಿ."

"ಸಾರ್, ಮುಗ್ದಿಲ್ಲ. ಸುಳ್ಳು ಹೇಳ್ದೆ. ಅರ್ಧಕ್ಕರ್ಧ ಬರೀ ಗುಂಡಿಗಳು."

"ಕೆಲ್ಸ ಹೋಗುತ್ತೆ ಅಂದ ಕೂಡ್ಲೇ ಯಾರಾದ್ರೂ ಹಂಗೇ ಅಂತಾರೆ. ಗಿರಾಕಿ ಒಪ್ಪಿದ್ರೆ ಮುಗಿದಂಗೇ ಅಂತ ತರಬೇತೀಲಿ ಹೇಳಿದಾರೆ" ಎಂದು ವೀರೇಶ್ ಫೋನಿಟ್ಟ.

ಮಾರುತೇಶ್ ಒಳಗೆ ಓಡಿದ. ನೆರೆದ ಬೀದಿಯ ಮುಂದೆಯೇ, ಇದು ಮುಗಿದಿಲ್ಲ, ನಾನು ಸುಳ್ಳು ಹೇಳಿದೆ, ಇನ್ನೂ ತಿಂಗಳುಗಟ್ಟಲೆ ಕೆಲಸವಿದೆ, ದಯವಿಟ್ಟು ಸಾಹೇಬರಿಗೆ ಮತ್ತೆ ಫೋನು ಮಾಡಿ ಎಂದ. ರಂಗಯ್ಯ ಅವನ ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣು ಒದ್ದೆಯಾಗಿತ್ತು.

"ಸೀರೆ ಕೊಯ್ದ ದಿನ ನಂಗೂ ಹಿಂಗೇ ಅನ್ಸುತ್ತೆ ನಾಯನಾ" ಎಂದರು. "ಇನ್ನೂ ಮುಗ್ದಿಲ್ಲ, ಇನ್ನೂ ಏನೋ ಉಳೀತು ಅಂತ. ಒಳ್ಳೆ ಕೆಲ್ಸಗಾರನ ಲಕ್ಷಣ ಇದು."

ಸುತ್ತಲಿನವರೆಲ್ಲ ಹೌದು ಹೌದು ಎಂದರು. ತಮ್ಮ ತಮ್ಮ ಮೊದಲ ಸೀರೆ ಇಳಿಸಿದ ದಿನ ತಾವೆಷ್ಟು ಅತ್ತಿದ್ದೆವೆಂದು ಒಬ್ಬೊಬ್ಬರೇ ಹೇಳತೊಡಗಿದರು. ಮಾರುತೇಶ್ ಜೋರಾಗಿ ಇಲ್ಲವೆಂದಷ್ಟೂ ಅವರಿಗೆ ಅವನ ಮೇಲೆ ಮಮತೆ ಹೆಚ್ಚಿತು. ಚೌಡೇಶ್ವರಿ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಹೋಗಿಬಿಟ್ಟಳು.

ಎಲೆ ಅಡಿಕೆ, ಕಾಯಿಹೋಳು ಕೈಗಿಟ್ಟು ಅವನನ್ನು ಹೊನ್ನಕ್ಕನ ಮುಂದೆ ತಂದು ನಿಲ್ಲಿಸಿದರು. ಬೇರೆ ದಾರಿ ಕಾಣದೆ ಅವನು ಬಗ್ಗಿ ಕಾಲು ಮುಟ್ಟಿದ. ಹೊನ್ನಕ್ಕ ಅವನ ತಲೆಯ ಮೇಲೆ ಎರಡೂ ಕೈಯಿಟ್ಟಳು.

"ನೂರ್ಕಾಲ ಬಾಳು ಮಗನೇ. ಇಂಥ ಹುಡುಗನ್ನ ಆ ಆಫೀಸ್ನೋರು ಜನ್ಮದಾಗೆ ಬಿಟ್ಟುಕೊಡಲ್ಲ."

ಮಾರುತೇಶ್ ಹೂಂ ಅಂದು ಎದ್ದ. ಚಳ್ಳಕೆರೆ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದ.