ಅಳುಬುರುಕನಿಗೆ ಮೊದಲನೇ ರ‍್ಯಾಂಕು

ಗಂಡ ಸುಘೋಷ್‌ನ ವೈಕುಂಠ ಸಮಾರಾಧನೆ ಮುಗಿದು, ಊರಿನಿಂದ ಬಂದಿದ್ದ ನೆಂಟರೆಲ್ಲ ವಿಮಾನ ಹತ್ತಿದ ಮರುದಿನ, ಶನಿವಾರ. ಎರಡು ವಾರದಲ್ಲಿ ಮೊದಲ ಸಲ ಶರಣ್ಯಾ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಕಾಫಿ ಕುಡಿಯುತ್ತಿದ್ದಳು. ಯಾರೂ ಅವಳ ಭುಜ ತಟ್ಟುತ್ತಿರಲಿಲ್ಲ. ಅದೇ ಒಂದು ಸುಖ ಅನ್ನಿಸಿ ಎರಡನೇ ಗುಟುಕು ಹೀರುವಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು.

ಎದುರುಮನೆಯ ದ್ವಾರಕಾನಾಥರು. ಕಾಲಲ್ಲಿ ವಾಕಿಂಗ್ ಶೂ, ಮುಖದಲ್ಲಿ ಇಸ್ತ್ರಿ ಮಾಡಿಸಿಕೊಂಡು ಬಂದಂಥ ದುಃಖ.

"ಹೇಗಿದ್ದೀಯಮ್ಮ?"

"ಇದ್ದೀನಿ ಅಂಕಲ್."

"ಧೈರ್ಯ ತಂದ್ಕೋಬೇಕು." ಅರ್ಧ ನಿಮಿಷ ಕಾಲೊರೆಸುವ ಮ್ಯಾಟನ್ನೇ ನೋಡಿದರು. "ಅದೇ... ಸುಘೋಷ್ ಲಿಸ್ಟ್ ಏನಾದ್ರೂ ಬರೆದಿಟ್ಟಿದ್ನಾ?"

"ಯಾವ ಲಿಸ್ಟು?"

"ಕೋಚುಗಳದ್ದಮ್ಮ! ಇವತ್ತೇ ಲಾಸ್ಟ್ ಡೇಟು."

ಸ್ಯಾನ್ ಹೊಸೆಯ ಆ ಬೀದಿಯಲ್ಲಿ ದ್ವಾರಕಾನಾಥರ ಗರಾಜೊಂದರಲ್ಲೇ ಕಾರಿಗೆ ಜಾಗವಿರಲಿಲ್ಲ. ಅಲ್ಲಿ ಬಾಗಿಲಗಲದ ಟೀವಿ, ನಾಲ್ಕು ಜನ ಹಿಡಿಸುವ ಸೋಫಾ, ಗೋಡೆಯ ಮೇಲೊಂದು ಬಿಳಿ ಬೋರ್ಡು. ಬೋರ್ಡಿನ ಮೇಲೆ ನಾಲ್ಕು ಹೆಸರು: ದ್ವಾರಕಾನಾಥ, ಆನಂದತೀರ್ಥ, ವಾಹಿದ್, ಸುಘೋಷ್. ಪ್ರತಿ ಆಗಸ್ಟಿನಲ್ಲಿ, ಕಾಲೇಜು ಫುಟ್‌ಬಾಲ್ ಶುರುವಾಗುವ ಮುಂಚೆ, 'ಕಾನ್ಫರೆನ್ಸ್' ಅನ್ನುವ ಒಂದೇ ಗುಂಪಿನಲ್ಲಿ ಆಡುವ ಹದಿನೇಳು ತಂಡಗಳ ಹೆಡ್‌ಕೋಚುಗಳನ್ನು ಈ ನಾಲ್ವರೂ ಒಂದರಿಂದ ಹದಿನೇಳರವರೆಗೆ ರ‍್ಯಾಂಕ್ ಮಾಡಬೇಕು. ಡಿಸೆಂಬರಿನಲ್ಲಿ ಯಾರ ಪಟ್ಟಿ ನಿಜಕ್ಕೆ ಹತ್ತಿರವೋ ಅವರಿಗೆ ಒಂದು ವರ್ಷ ಸೋಫಾದ ಮೂಲೆಯ ಸೀಟು. ಕೋಚುಗಳ ಹೆಸರು ದ್ವಾರಕಾನಾಥರ ನಾಲಿಗೆಗೆ ಹೊರಳದ ಕಾರಣ ಎಲ್ಲರಿಗೂ ಕನ್ನಡದ ಅಡ್ಡಹೆಸರುಗಳಿದ್ದವು: ಸೇನಾಪತಿ, ಬೊಕ್ಕತಲೆ, ಹೆಡ್‌ಸೆಟ್ ಒಗೆಯುವವ, ಅಳುಬುರುಕ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟಕ್ಕೆ ಫುಟ್‌ಬಾಲ್ ಅನ್ನುವುದೇಕೆಂದು ಶರಣ್ಯಾ ಮದುವೆಯಾದ ಹೊಸತರಲ್ಲಿ ಒಮ್ಮೆ ಕೇಳಿದ್ದಳು. ಉತ್ತರ ಮುಗಿಯಲು ಒಂದು ಸಂಜೆ ಹಿಡಿದಿತ್ತು. ಮತ್ತೆ ಕೇಳಿರಲಿಲ್ಲ.

ನಿಯಮಗಳು ಆನಂದತೀರ್ಥರವು. ಊರಿನಲ್ಲಿ ಮೂವತ್ತು ವರ್ಷ ಪರೀಕ್ಷಾ ವಿಭಾಗದಲ್ಲಿದ್ದವರು. ಒಬ್ಬ ಸದಸ್ಯನಿಗೆ ಮೊಹರು ಒತ್ತಿದ ಒಂದೇ ಹಾಳೆ, ಕಳೆದುಕೊಂಡರೆ ಇನ್ನೊಂದಿಲ್ಲ. ಪಕ್ಷಪಾತವಾಗದಿರಲೆಂದು ಹಾಳೆಯ ಮೇಲೆ ತನ್ನ ಹೆಸರು ಬರೆಯುವಂತಿಲ್ಲ. ಸದಸ್ಯನೇ ಕೈಯಾರೆ ತುಂಬಿರಬೇಕು; ಹೆಂಡತಿ ತುಂಬಿದ್ದು ಅಸಿಂಧು. ಸಂಜೆ ಆರು ಗಂಟೆಯೊಳಗೆ ಕೊಡಬೇಕು.

"ಕೊಡದಿದ್ರೆ?" ಶರಣ್ಯಾ ಕೇಳಿದಳು.

"ರೂಲ್ ಪ್ರಕಾರ ಹೆಸರು ಅಳಿಸ್ಬೇಕಾಗತ್ತೆ. ಮೂಲೆಮನೆ ಅಜಯ್ ಎರಡು ವರ್ಷದಿಂದ ವೆಯ್ಟಿಂಗ್ ಲಿಸ್ಟಲ್ಲಿದ್ದಾನೆ ನೋಡು, ಪಾಪ."

'ಪಾಪ' ಅಜಯ್‌ಗೆ ಸಂದಿದ್ದು ಶರಣ್ಯಾಗೆ ಚುರ್ರೆಂದಿತು. ಎರಡು ವಾರದಿಂದ ಬ್ಯಾಂಕಿನವರು, ಇನ್ಶೂರೆನ್ಸಿನವರು, ಫೋನಿನವರು, ಕೊನೆಗೆ ಜಿಮ್ಮಿನವರೂ ಒಂದೇ ಫಾರ್ಮು ಕಳಿಸುತ್ತಿದ್ದರು: ಹೆಸರು ತೆಗೆಯಲು ಇಲ್ಲಿ ಸಹಿ ಮಾಡಿ. ಅವಳು ಮಾಡಿದ್ದಳು. ಈಗ ಎದುರುಮನೆಯ ಗರಾಜೂ ಡಸ್ಟರ್ ಹಿಡಿದು ನಿಂತಿದೆ!

"ಲಿಸ್ಟ್ ಇದೆ ಅಂಕಲ್," ಅಂದಳು. ಇದೆಯೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. "ಸಂಜೆ ನಾನೇ ತರ್ತೀನಿ. ಯಾರೂ ಬೋರ್ಡ್ ಮುಟ್ಟೋ ಹಾಗಿಲ್ಲ."

ಬೀರು, ಲ್ಯಾಪ್‌ಟಾಪ್ ಚೀಲ, ಕೋಟಿನ ಜೇಬು ಎಲ್ಲ ಜಾಲಾಡಿ, ಹನ್ನೊಂದಕ್ಕೆ ಗಂಡನ ಕಾರಿನೊಳಗೆ ಬಿಸಿಲು ತಡೆಯುವ ರೆಕ್ಕೆ ಇಳಿಸಿದಾಗ ಹಾಳೆ ತೊಡೆಯ ಮೇಲೆ ಬಿತ್ತು. ಮೊಹರಿತ್ತು. ಹದಿನೇಳು ಸಾಲು. ಎರಡು ಗೆರೆ ಎಳೆದು ನಡುವೆ ಜೋಡಿಸಿದಂಥ ನೆಟ್ಟನೆಯ ಇಂಗ್ಲಿಷ್ ದೊಡ್ಡಕ್ಷರ. ಸುಘೋಷ್ ಸಿವಿಲ್ ಎಂಜಿನಿಯರು. ಕೊತ್ತಂಬರಿ ಸೊಪ್ಪಿನ ಚೀಟಿಯನ್ನೂ ಸೇತುವೆಯ ನಕ್ಷೆಯಂತೆ ಬರೆಯುತ್ತಿದ್ದ. ಶರಣ್ಯಾ ಸ್ಟೀರಿಂಗಿಗೆ ಹಣೆ ಒತ್ತಿಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ಒಂದು ತಪ್ಪು ಮಾಡಿದಳು: ಹಾಳೆಯ ಫೋಟೋ ತೆಗೆದು ದ್ವಾರಕಾನಾಥರಿಗೆ ಕಳಿಸಿದಳು.

ಹತ್ತು ನಿಮಿಷದಲ್ಲಿ ಅವರು ಬಾಗಿಲಲ್ಲಿದ್ದರು. ಈ ಸಲ ದುಃಖಕ್ಕೆ ಇಸ್ತ್ರಿ ಇರಲಿಲ್ಲ.

"ಅಳುಬುರುಕ ಫಸ್ಟಾ? ಹೋದ ವರ್ಷ ಹನ್ನೆರಡು ಮ್ಯಾಚಲ್ಲಿ ಒಂಬತ್ತು ಸೋತು, ಟೀವಿ ಮುಂದೆ ಗೊಳೋ ಅಂದವನು! ಕಪ್ ಗೆದ್ದ ಸೇನಾಪತಿ ಹದಿನೇಳನೇದು! ಅವನು ತಲೆಕೆಳಗಾಗಿ ಬರೆದಿದ್ದಾನಮ್ಮ. ಕೆಳಗಿಂದ ಓದ್ಕೋಬೇಕು."

"ನನ್ನ ಗಂಡ ಯಾವತ್ತೂ ಕೆಳಗಿಂದ ಬರೆದಿಲ್ಲ ಅಂಕಲ್."

ಮಧ್ಯಾಹ್ನ ಆನಂದತೀರ್ಥರು ಬಂದರು. "ನಮ್ಮ ಕಾಲದಲ್ಲಿ ಇಂಥ ಕೇಸಿಗೆ ಗ್ರೇಸ್ ಅಂತ ಕೊಡ್ತಿದ್ವಿ," ಎಂದು ಕನ್ನಡಕ ಒರೆಸಿದರು. "ಮೊದಲ ಐದು ಮಾತ್ರ ನಾನು ಸರಿ ಮಾಡ್ತೀನಿ. ಅವನ ಗೌರವಕ್ಕೋಸ್ಕರ."

"ಬದುಕಿದ್ದಾಗ ಅವರ ಒಂದು ಮಾತು ಒಪ್ಪಿದವರಲ್ಲ ನೀವು. ಈಗ ಗೌರವ ಬಂತಾ?"

ಮೂರಕ್ಕೆ ಅಜಯ್ ಬಂದ, ಪುಳಿಯೋಗರೆ ಡಬ್ಬಿ ಹಿಡಿದು. "ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಈ ಲಿಸ್ಟ್ ಹಾಕಿದ್ರೆ ಡಿಸೆಂಬರಲ್ಲಿ ಎಲ್ರೂ ನಗ್ತಾರೆ. ಮರ್ಯಾದೆಯಾಗಿ ಈಗ್ಲೇ ವಿತ್‌ಡ್ರಾ ಮಾಡ್ಬಿಟ್ರೆ..."

ಶರಣ್ಯಾ ಪುಳಿಯೋಗರೆಯನ್ನು ಒಳಗೆ ತೆಗೆದುಕೊಂಡು ಅಜಯ್‌ನನ್ನು ಹೊರಗೇ ಬಿಟ್ಟು ಬಾಗಿಲು ಹಾಕಿದಳು.

ಐದೂವರೆಗೆ ಅವಳು ಗರಾಜಿಗೆ ಹೋದಾಗ ನ್ಯಾಯಪಂಚಾಯ್ತಿಗೆ ಕೂತಂತೆ ಎಲ್ಲರೂ ಕೂತಿದ್ದರು. ಸೋಫಾದ ಒಂದು ಜಾಗ ಖಾಲಿ. ಅದರ ಪಕ್ಕದಲ್ಲೇ ಅಜಯ್, ಬಸ್ಸಿನ ಸೀಟಿಗೆ ಕಾದವನ ಹಾಗೆ, ನಿಂತಿದ್ದ. ವಾಹಿದ್ ತುದಿಯಲ್ಲಿ ತಲೆ ತಗ್ಗಿಸಿದ್ದ. ಸುಘೋಷ್‌ನ ಆಫೀಸಿನವನು, ದಿನಾ ಮೆನ್ಲೋ ಪಾರ್ಕಿನ ಕೆಲಸಕ್ಕೆ ಇಬ್ಬರೂ ಒಂದೇ ಕಾರಲ್ಲಿ ಹೋಗುತ್ತಿದ್ದರು. ಅವನ ಹೆಂಡತಿ ಅಮೀನಾ ಎಲ್ಲರಿಗೂ ಚಹಾ ಬಗ್ಗಿಸುತ್ತಿದ್ದಳು.

"ನೋಡಮ್ಮ, ಇದು ಜೋಕ್ ಲಿಸ್ಟು," ದ್ವಾರಕಾನಾಥರು ಶುರುಮಾಡಿದರು.

"ನಿಲ್ಲಿಸಿ ಅಂಕಲ್!" ಶರಣ್ಯಾಳ ದನಿಗೆ ಚಹಾದ ಧಾರೆಯೇ ನಿಂತಿತು. "ನಂಗೆ ನಿಮ್ಮ ಆಟ ಗೊತ್ತಿಲ್ಲ. ಆದ್ರೆ ಗೆದ್ದೋನು ಮಾರನೇ ದಿನ ಎದ್ದು ಫೀಲ್ಡಿಗೆ ಹೋಗೋದೇನು ದೊಡ್ಡ ವಿಷಯ? ಒಂಬತ್ತು ಸೋತು, ಊರೆಲ್ಲಾ ನಕ್ಕು, ಆಮೇಲೂ ಹತ್ತನೇದಕ್ಕೆ ಶೂ ಹಾಕ್ಕೊಂಡು ಹೋದ್ನಲ್ಲ, ಅವನಲ್ವಾ ಕೋಚು? ಅಳ್ತಾನಂತೆ! ಅತ್ರೆ ನಿಮ್ಮ ಗಂಟೇನು ಹೋಯ್ತು? ಎರಡು ವಾರ ನನ್ನ ಮನೇಲಿ ಕೂತು 'ಅತ್ತುಬಿಡಮ್ಮ, ಹಗುರ ಆಗತ್ತೆ' ಅಂದೋರು ನೀವೇ ತಾನೆ?"



"ಒಂದಕ್ಷರಾನೂ ಮುಟ್ಟೋದು ಬೇಡ," ವಾಹಿದ್ ನೆಲ ನೋಡುತ್ತಲೇ ಹೇಳಿದ. "ಭಾಭಿ ಹೇಳಿದ್ದೇ ಸರಿ."

ದ್ವಾರಕಾನಾಥರ ಕಣ್ಣು ತೇವವಾಯಿತು. "ಎಂಥ ದೂರದೃಷ್ಟಿ ನಮ್ಮ ಸುಘೋಷಂದು! ನಮ್ಗೆ ಹೊಳೀಲೇ ಇಲ್ಲ ನೋಡಿ."

"ಇದರಲ್ಲಿ ಫಿಲಾಸಫಿ ಇದೆ," ಆನಂದತೀರ್ಥರು ಹಾಳೆಯನ್ನು ಎರಡೂ ಕೈಯಲ್ಲಿ, ಪ್ರಸಾದದಂತೆ, ಇಸಿದುಕೊಂಡರು. "ಸ್ವೀಕರಿಸಲಾಗಿದೆ. ಎಲ್ಲಿ ವಾಹಿದ್, ನಿಮ್ಮ ಹಾಳೆ?"

"ನಂದು... ಕಳೆದ್ಹೋಯ್ತು ಸರ್."

"ಕಳೆದ್ಹೋಯ್ತಾ! ಎರಡನೇ ಹಾಳೆ ಇಲ್ಲ ಅಂತ ಗೊತ್ತಲ್ಲ?"

"ಗೊತ್ತು ಸರ್. ಹೆಸರು ಅಳಿಸಿ."

ಅಜಯ್ ಆಗಲೇ ಡಸ್ಟರ್ ಹಿಡಿದಿದ್ದ. ಅಮೀನಾ ಕೆಟಲನ್ನು ಟಪ್ಪನೆ ಇಟ್ಟಳು.

"ಸಾಕ್ರೀ ನಿಮ್ಮ ಒಳ್ಳೇತನ! ಎಲ್ಲಿ ಕಳೀತು? ಆನಂದತೀರ್ಥ ಸರ್ ಕೈಯಲ್ಲಿರೋದು ಮತ್ತೇನು? ಹೋದ ತಿಂಗಳು ಕಾರಲ್ಲಿ ಸುಘೋಷ್ ಭಾಯಿ 'ನೋಡಿ ಕೊಡ್ತೀನಿ' ಅಂತ ಇಸ್ಕೊಂಡ್ರು. ಸಾವಿನ ಮನೇಲಿ ಹೇಗೆ ಕೇಳ್ಲಿ ಅಂತ ಇವ್ರು ಹದಿನೈದು ದಿನದಿಂದ ಒದ್ದಾಡ್ತಿದ್ದಾರೆ."

"ಅಕ್ಷರ ಅವರದ್ದೇ..." ಶರಣ್ಯಾ ಅಂದಳು.

"ಇಬ್ರೂ ಒಂದೇ ಕಾಲೇಜು, ಒಬ್ರೇ ಡ್ರಾಯಿಂಗ್ ಮೇಷ್ಟ್ರು ಭಾಭಿ," ವಾಹಿದ್ ತಪ್ಪು ಮಾಡಿದವನಂತೆ ಹೇಳಿದ. "ಸೊಟ್ಟಗೆ ಬರೆದ್ರೆ ಸ್ಕೇಲಲ್ಲಿ ಬಾರಿಸ್ತಿದ್ರು. ಕ್ಲಾಸಿನ ಅರವತ್ತು ಜನರ ಅಕ್ಷರಾನೂ ಹೀಗೇ."

"ಹಾಗಾದ್ರೆ ಅವರ ಹಾಳೆ?"

"ಅವನ ಡೆಸ್ಕ್ ಖಾಲಿ ಮಾಡುವಾಗ ಸಿಕ್ತು." ವಾಹಿದ್ ಚಹಾದ ಕಪ್ಪು ಕೆಳಗಿಟ್ಟ. "ಏನೂ ಬರೆದಿರಲಿಲ್ಲ."

ಬೆಳಿಗ್ಗೆಯಿಂದ ಬೀದಿಯ ಮೇಲೆಲ್ಲ ಹಾರಾಡಿದ ಶರಣ್ಯಾಳ ಸಿಟ್ಟು ಈಗ ಹೋಗಬೇಕಾದ ವಿಳಾಸಕ್ಕೆ ಹೋಯಿತು. ಅಲ್ಲಯ್ಯಾ, ಹೇಳದೆ ಕೇಳದೆ ಎದ್ದುಹೋದೆ, ಹೋಗಲಿ. ಹದಿನೇಳು ಸಾಲು ಗೀಚಿ ಹೋಗಲು ನಿನಗೇನಾಗಿತ್ತು ಧಾಡಿ? ಅದನ್ನೂ ಕಾಪಿ ಹೊಡೆಯಬೇಕಿತ್ತೇ?

"ಇರ್ಲಿ ಬಿಡಿ ಭಾಭಿ," ವಾಹಿದ್ ಮೆಲ್ಲಗೆ ಅಂದ. "ಅವನದೇ ಅಂತ ಇರ್ಲಿ. ನಂಗೆ ಸೀಟೇನೂ ಬೇಡ."

ಆರಕ್ಕೆ ಮೂರು ನಿಮಿಷವಿತ್ತು. ಆನಂದತೀರ್ಥರು, ನಕಲು ಹೊಡೆಯುವವನನ್ನು ಕಂಡೂ ಕಾಣದ ಮೇಷ್ಟರಂತೆ, ಗರಾಜಿನ ಸೂರು ನೋಡತೊಡಗಿದರು. ಅವಳು ಏನೂ ಮಾಡಬೇಕಿರಲಿಲ್ಲ. ಸುಮ್ಮನೆ ಮೂರು ನಿಮಿಷ ನಿಂತಿದ್ದರೆ ಸಾಕಿತ್ತು, ಸುಘೋಷ್‌ನ ಹೆಸರು ಬೋರ್ಡಿನ ಮೇಲೆ ಉಳಿಯುತ್ತಿತ್ತು.

ಎರಡು ನಿಮಿಷ ನಿಂತಳು. ಆಮೇಲೆ ಆನಂದತೀರ್ಥರ ಕೈಯಿಂದ ಹಾಳೆ ಬಿಡಿಸಿಕೊಂಡಳು.

"ಹಾಗಾದ್ರೆ ಅಳುಬುರುಕನಿಗೆ ಫಸ್ಟ್ ರ‍್ಯಾಂಕ್ ಕೊಟ್ಟಿದ್ದು ನೀನೇನಯ್ಯಾ ವಾಹಿದ್?" ದ್ವಾರಕಾನಾಥರು ಸೋಫಾದಿಂದ ಎದ್ದೇಬಿಟ್ಟರು. ಸುಘೋಷ್‌ನ ದೂರದೃಷ್ಟಿಗೆ ಸುರಿಸಿದ ಕಣ್ಣೀರು ಕೆನ್ನೆಯ ಮೇಲೆ ಇನ್ನೂ ಆರಿರಲಿಲ್ಲ. "ನಿನ್ನ ತಲೆ ನೆಟ್ಟಗಿದೆಯಾ?"

ಶರಣ್ಯಾ ಅಜಯ್‌ನ ಕೈಯಿಂದ ಡಸ್ಟರ್ ಕಿತ್ತುಕೊಂಡಳು. ಬೋರ್ಡಿನ ನಾಲ್ಕನೇ ಹೆಸರನ್ನು ತಾನೇ, ಒಂದೇ ಸಲಕ್ಕೆ, ಒರೆಸಿದಳು. ಬೆನ್ನ ಹಿಂದೆ ಸೋಫಾದ ಸ್ಪ್ರಿಂಗು ಕಿರ್ರೆಂದಿತು, ಅಜಯ್ ಕೂತಾಗಿತ್ತು.

ಅವಳು ಹಾಳೆಯ ಮಡಿಕೆ ನೇರ ಮಾಡಿ ವಾಹಿದ್‌ನ ಮುಂದೆ ಹಿಡಿದಳು.

"ತಗೊಳ್ಳಿ," ಅಂದಳು. "ಅವರು ನೋಡಿ ಆಯ್ತು."