ರೈಲ್ವೆ ಗಾರ್ಡು ಅಣ್ಣನಾದದ್ದು

ಇಂಗ್ಲಿಷ್ ಕಲಿಸುವವರೆಲ್ಲ ಸಾಹಿತ್ಯಪ್ರಿಯರು ಎಂದು ಜನ ನಂಬಿದ್ದಾರೆ. ಹಲ್ಲಿನ ಡಾಕ್ಟರಿಗೆ ಹಲ್ಲೆಂದರೆ ಪ್ರಾಣ ಎಂದು ಯಾರೂ ಹೇಳುವುದಿಲ್ಲ. ನಮ್ಮ ಮೇಲೆ ಮಾತ್ರ ಈ ಔದಾರ್ಯ. ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕವರು, "ನಿಮಗೇನು ಮೇಡಂ, ಕಥೆ ಓದೋದಕ್ಕೇ ಸಂಬಳ" ಎನ್ನುತ್ತಾರೆ. ನಾನು ಐದನೇ ಮಹಡಿ ಬರುವ ತನಕ ನಗುತ್ತಿರುತ್ತೇನೆ. ಇಪ್ಪತ್ತೆರಡು ವರ್ಷಗಳಿಂದ ನಾನು ಓದುತ್ತ ಬಂದಿರುವುದು ಕಥೆಗಳನ್ನಲ್ಲ. ಒಂದೇ ಕಥೆಯ ಬಗ್ಗೆ ನೂರಾರು ಮಕ್ಕಳು ಬರೆದ ಒಂದೇ ಉತ್ತರವನ್ನು. ಇದನ್ನು ಲಿಫ್ಟಿನಲ್ಲಿ ವಿವರಿಸಲಾಗುವುದಿಲ್ಲ. ಅದಕ್ಕೆ ಇನ್ನೂ ಹತ್ತು ಮಹಡಿ ಬೇಕು.

ನಮ್ಮ ಶಾಲೆಯಲ್ಲಿ ಹನ್ನೊಂದು, ಹನ್ನೆರಡನೇ ತರಗತಿಯ ಪಠ್ಯವೆಲ್ಲ ಮೇಲಿನಿಂದ ಇಳಿದು ಬರುತ್ತದೆ. ಹನ್ನೊಂದನೆಯವರ ಒಂದು ಕಾದಂಬರಿಯನ್ನು ಮಾತ್ರ ಶಾಲೆಯೇ ಆರಿಸಿಕೊಳ್ಳಬಹುದು. ನಾನು ಕೆಲಸಕ್ಕೆ ಸೇರುವ ಮೊದಲೇ ಯಾರೋ ಪುಣ್ಯಾತ್ಮರು ಒಂದನ್ನು ಆರಿಸಿಟ್ಟು ಹೋಗಿದ್ದರು. ಯಾವುದೋ ಶೀತದೇಶದ ಕಡಲಂಚಿನಲ್ಲಿ ಒಬ್ಬ ದೀಪಸ್ತಂಭ ಕಾಯುತ್ತಾನೆ. ಹಿಮ ಬೀಳುತ್ತದೆ. ಮತ್ತೂ ಹಿಮ ಬೀಳುತ್ತದೆ. ಕೊನೆಗೆ ಅವನು ಸಾಯುತ್ತಾನೆ, ಆಗಲೂ ಹಿಮ ಬೀಳುತ್ತಿರುತ್ತದೆ. ಫ್ರಿಜ್ಜಿನ ಮೇಲಿನ ಖಾನೆ ಬಿಟ್ಟರೆ ಬೇರೆಲ್ಲೂ ಹಿಮ ಕಾಣದ ನಮ್ಮ ಮಕ್ಕಳು, "ಇಲ್ಲಿ ಹಿಮವು ಪರಿಶುದ್ಧತೆಯ ಸಂಕೇತವಾಗಿದೆ" ಎಂದು ಬರೆಯುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ, ಬಿಸಿಗಾಳಿ ಬೀಸುವ ಫ್ಯಾನಿನ ಕೆಳಗೆ ಕೂತು, ಬೆವರು ಉತ್ತರಪತ್ರಿಕೆಯ ಮೇಲೆ ಬೀಳದಂತೆ ಸೆರಗು ಹಿಡಿದುಕೊಂಡು ನಾನು ಆ ಪರಿಶುದ್ಧತೆಗೆ ಟಿಕ್ ಹಾಕುತ್ತ ಬಂದೆ. ಆ ಕಾವಲುಗಾರ ಪುಸ್ತಕದಲ್ಲಿ ಒಮ್ಮೆ ಸತ್ತ. ನನ್ನ ಕೈಯಲ್ಲಿ ವರ್ಷಕ್ಕೆ ಮೂರು ಸಲ ಸತ್ತ.

ಹೋದ ವರ್ಷ ಆ ಪುಸ್ತಕದ ಅಚ್ಚೇ ನಿಂತುಹೋಯಿತು. ಅಂಗಡಿಯವನು ಕೈಯೆತ್ತಿದ. ನಮ್ಮ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಅವರು ಅನಂತಪುರದ ಕಡೆಯವರು, ಬಳ್ಳಾರಿಯಲ್ಲಿ ಓದಿದ್ದರಿಂದ ಕನ್ನಡ ಚೆನ್ನಾಗಿ ಬರುತ್ತದೆ. ಶಾಲೆಯಲ್ಲಿ ಇಂಗ್ಲಿಷ್, ಸಿಟ್ಟು ಬಂದಾಗ ತೆಲುಗು, ನನ್ನನ್ನು ಯಾವುದಕ್ಕಾದರೂ ಒಪ್ಪಿಸಬೇಕಾದಾಗ ಮಾತ್ರ ಕನ್ನಡ. ಅಂದು ಬಾಗಿಲಲ್ಲೇ ಕನ್ನಡದಲ್ಲಿ ಶುರುಮಾಡಿದ್ದರಿಂದ ನಾನು ಎಚ್ಚರವಾಗಬೇಕಿತ್ತು.

"ಬರ್ರಿ ಮೇಡಂಗಾರು. ಹೊಸ ನಾವೆಲ್ಲು ನೀವೇ ಸೆಲೆಕ್ಟ್ ಮಾಡ್ರಿ. ಫುಲ್ ಫ್ರೀಡಂ. ನೀವು, ಬಸವರಾಜ ಸಾರು, ಇಬ್ಬರೇ ಕಮಿಟಿ. ನಾನು ನಡುವೆ ಬರೋದೇ ಇಲ್ಲ."

ಎಚ್ಚರವಾಗುವ ಬದಲು ನಾನು ಹಿಗ್ಗಿದೆ. ಏಕೆಂದರೆ ಪುಸ್ತಕ ನನ್ನ ಬಳಿ ಸಿದ್ಧವಾಗಿತ್ತು. ಬಹಳ ಹಿಂದೆ ಅಬಿಡ್ಸ್‌ನ ಭಾನುವಾರದ ಫುಟ್‌ಪಾತಿನಲ್ಲಿ, ಅಡುಗೆಯ ಪುಸ್ತಕ ಮತ್ತು ಜ್ಯೋತಿಷ್ಯದ ನಡುವೆ ಸಿಕ್ಕಿದ್ದ ತೆಳ್ಳನೆಯ ಇಂಗ್ಲಿಷ್ ಕಾದಂಬರಿ. ಬರೆದವಳು ನಮ್ಮ ದೇಶದವಳೇ. ಹೆಸರು ಯಾರಿಗೂ ಗೊತ್ತಿಲ್ಲ, ಆದರೆ ಪುಸ್ತಕ ಇನ್ನೂ ಅಚ್ಚಿನಲ್ಲಿದೆ. ಎಲ್ಲೋ ಒಂದು ಸಣ್ಣ ರೈಲ್ವೆ ಜಂಕ್ಷನ್ನಿನ ಪಕ್ಕ ಒಬ್ಬ ವಿಧವೆ ಖಾನಾವಳಿ ನಡೆಸುತ್ತಾಳೆ. ಒಬ್ಬ ರೈಲ್ವೆ ಗಾರ್ಡು ವರ್ಷಗಟ್ಟಲೆ ಅಲ್ಲಿ ಊಟ ಮಾಡುತ್ತಾನೆ. ಇಬ್ಬರೂ ಸಾರಿಗೆ ಉಪ್ಪು ಸರಿಯಿದೆಯೇ ಎಂಬುದನ್ನು ಬಿಟ್ಟು ಹೆಚ್ಚಿನದೇನನ್ನೂ ಮಾತಾಡುವುದಿಲ್ಲ. ಅವನಿಗೆ ವರ್ಗವಾಗುತ್ತದೆ. ಖಾನಾವಳಿ ಮುಚ್ಚುತ್ತದೆ. ದೂರದಿಂದ ಅವನು, "ಊಟ ಹೇಗೆ ನಡೆದಿದೆ?" ಎಂದು ಕಾಗದ ಬರೆಯುತ್ತಾನೆ. ಮುಚ್ಚಿದ ಖಾನಾವಳಿಯಲ್ಲಿ ಕೂತು ಅವಳು, "ಇಂದು ಮೂವತ್ತು ಎಲೆ ಬಿತ್ತು, ಬದನೆಕಾಯಿ ಸಾಕಾಗಲಿಲ್ಲ" ಎಂದು ಉತ್ತರ ಬರೆಯುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಆ ಕೊನೆಯ ಪುಟವನ್ನು ನಾನು ಮೊದಲ ಸಲ ಓದಿದ್ದು ಸಿಟಿ ಬಸ್ಸಿನಲ್ಲಿ ನಿಂತುಕೊಂಡು, ಮತ್ತು ನನ್ನ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋಗಿದ್ದೆ.

ನನ್ನ ಯಜಮಾನರು ಬಾಲಾನಗರದ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಅವರ ಮಟ್ಟಿಗೆ ಓದುವುದೆಂದರೆ ಯಂತ್ರದ ಮ್ಯಾನುಯಲ್ಲು. ಅದರಲ್ಲೂ ಚಿತ್ರವಿರುವ ಪುಟ. ಹೋದ ವರ್ಷ ಅದೇ ಕಾದಂಬರಿಯನ್ನು ಕಮಿಟಿಯ ಮುಂದಿಡುವ ಮೊದಲು ಇನ್ನೊಮ್ಮೆ ಗಟ್ಟಿಯಾಗಿ ಓದುತ್ತಿದ್ದಾಗ ಅವರು ಹುರುಳಿಕಾಯಿ ಸೋಸುತ್ತಿದ್ದರು. ಒಂದು ಹಂತದಲ್ಲಿ ಕೈ ನಿಂತಿತು. "ಮುಂದೇನಾತು? ಅಂವ ತಿರುಗಿ ಬಂದ್ನೇನು?" ಎಂದರು. ಮದುವೆಯಾದಾಗಿನಿಂದ ಅವರು ಒಂದು ಪುಸ್ತಕದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. "ಇಲ್ಲ, ಬರಂಗಿಲ್ಲ" ಎಂದೆ. ಅವರು "ವರ್ಗಾ ಮಾಡಿದವರು ದರಿದ್ರರು" ಎಂದು ಮತ್ತೆ ಹುರುಳಿಕಾಯಿಗೆ ಕೈಹಾಕಿದರು. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ.

ಕಮಿಟಿಯ ಇನ್ನೊಬ್ಬ ಸದಸ್ಯರು ಬಸವರಾಜ ಸರ್, ನನ್ನ ಜೊತೆಯ ಇಂಗ್ಲಿಷ್ ಮಾಸ್ತರು. ರಾಯಚೂರಿನವರು, ನಿವೃತ್ತಿಗೆ ಎರಡು ವರ್ಷವಿತ್ತು. ಅವರು ಪುಸ್ತಕವನ್ನು ತೆರೆಯಲಿಲ್ಲ. ತೊಂಡೆಕಾಯಿ ಕೊಳ್ಳುವವರಂತೆ ಅಂಗೈ ಮೇಲಿಟ್ಟು ಎರಡು ಸಲ ತೂಗಿದರು.

"ಹಗುರ ಐತ್ರಿ ಮೇಡಂ. ಭಾಳ ಛಲೋ ಆತು. ನನ್ನ ಕಡಿಂದ ಪಾಸ್."

"ಒಂದ್ಸಲ ಓದ್ರಿ ಸರ್."

"ನೀವು ಓದೀರಲ್ಲ. ಇಬ್ಬರು ಓದಿದ್ರ ಅಭಿಪ್ರಾಯ ಎರಡಾಗ್ತಾವ. ಕಮಿಟಿ ಒಡೀತೈತಿ."

ಕಮಿಟಿ ಒಡೆಯಲಿಲ್ಲ. ಸರ್ವಾನುಮತದ ನಿರ್ಣಯವನ್ನು ಹಿಡಿದು ನಾನು ಪ್ರಿನ್ಸಿಪಾಲರ ಕೋಣೆಗೆ ಹೋದೆ. ನಡುವೆ ಬರುವುದೇ ಇಲ್ಲ ಎಂದಿದ್ದವರು ಪುಸ್ತಕವನ್ನು ಮೂರು ದಿನ ಇಟ್ಟುಕೊಂಡರು, ಮತ್ತು ನ್ಯಾಯವಾಗಿ ಹೇಳಬೇಕೆಂದರೆ ಪೂರ್ತಿ ಓದಿದರು. ಓದದೆ ವಿರೋಧಿಸುವವರನ್ನು ಬೈದು ಸಮಾಧಾನ ಮಾಡಿಕೊಳ್ಳಬಹುದು. ಓದಿ, ಮೆಚ್ಚಿ, ಆಮೇಲೆ ವಿರೋಧಿಸುವವರ ಎದುರು ಏನು ಮಾಡುವುದು?

"ಚಾಲಾ ಬಾಗುಂದಿ ಮೇಡಂಗಾರು. ಕೊನೇಲಿ ನಮ್ಮ ಮನೆಯಾಕೆ ಅತ್ತುಬಿಟ್ಟಳು. ಆದ್ರೆ ನೋಡ್ರಿ, ಆ ಗಾರ್ಡು ಅವಳಿಗೆ ಏನಾಗಬೇಕು?"

"ಏನೂ ಆಗಬೇಕಾಗಿಲ್ರೀ ಸರ್. ಊಟಕ್ಕ ಬರಾಂವ."

"ಅದೇ ಪ್ರಾಬ್ಲಮ್ಮು. ಏನೂ ಆಗದೇ ಇರೋನು ಲೆಟರ್ ಯಾಕೆ ಬರೀತಾನೆ? ಪೇರೆಂಟ್ಸು ಕೇಳ್ತಾರೆ."

ಈ 'ಪೇರೆಂಟ್ಸು' ಎಂಬುವವರನ್ನು ನಾನು ಇಂದಿಗೂ ನೋಡಿಲ್ಲ. ನನಗೆ ಸಿಗುವ ತಂದೆತಾಯಿಗಳು ಶಂಶಾಬಾದಿನಿಂದ, ಬಾಲಾನಗರದಿಂದ ಟ್ರಾಫಿಕ್ಕು ದಾಟಿ ಬಂದು ಮಗುವಿನ ಗಣಿತದ ಅಂಕ ಕೇಳಿ, ಇಂಗ್ಲಿಷಿನದು ಕೇಳಲು ಮರೆತು ಹೋಗುವವರು. ಆದರೆ ಪ್ರಿನ್ಸಿಪಾಲರ ಕೋಣೆಯ ಗೋಡೆಯಾಚೆ ಬೇರೊಂದು ಜಾತಿಯ ಪೇರೆಂಟ್ಸು ಸದಾ ಸಾಲುಗಟ್ಟಿ ನಿಂತಿರುತ್ತಾರೆ. ಎಲ್ಲವನ್ನೂ ಓದುತ್ತಾರೆ, ಎಲ್ಲದಕ್ಕೂ ನೊಂದುಕೊಳ್ಳುತ್ತಾರೆ. ಅವರಷ್ಟು ಶ್ರದ್ಧೆಯಿಂದ ಮಕ್ಕಳು ಓದಿದ್ದರೆ ನಮ್ಮ ಶಾಲೆ ಉದ್ಧಾರವಾಗುತ್ತಿತ್ತು.

"ಹಂಗಾದ್ರ ಬ್ಯಾಡಂತೀರೇನ್ರೀ?" ಎಂದೆ.

"ಅಯ್ಯೋ, ಬೇಡ ಅಂತ ಯಾರಂದ್ರು? ಬುಕ್ಕು ಇರಲಿ. ಪಾಠ ಮಾಡುವಾಗ ಅವನನ್ನ ಅಣ್ಣ ಅನ್ರಿ, ಸಾಕು. ಅಣ್ಣನ ಸಮಾನ. ಎಲ್ಲಾ ಕ್ಲಿಯರ್."

ನಾನು ಆಗಲೇ ಎದ್ದು ಬರಬಹುದಿತ್ತು. ಬರಲಿಲ್ಲ. ಪುಸ್ತಕ ಒಳಗೆ ಬಂದರೆ ಸಾಕು, ಮಕ್ಕಳು ಹೇಗೂ ತಾವೇ ಓದುತ್ತಾರೆ, ಗಾರ್ಡು ಯಾರೆಂದು ಅವರಿಗೇ ಗೊತ್ತಾಗುತ್ತದೆ ಎಂದು ಲೆಕ್ಕ ಹಾಕಿದೆ. ರಾಜಿ ಮಾಡಿಕೊಳ್ಳುವವರೆಲ್ಲ ತಮ್ಮನ್ನು ಚಾಣಾಕ್ಷರೆಂದೇ ತಿಳಿದಿರುತ್ತಾರೆ. ನಾನೂ ಆ ದಿನ ಬಹಳ ಚಾಣಾಕ್ಷಳಾಗಿ ಮನೆಗೆ ಹೋದೆ.

ಮುಂದಿನ ವಾರ ಮತ್ತೆ ಕನ್ನಡದಲ್ಲಿ ಕರೆ ಬಂತು. ಈ ಪುಸ್ತಕಕ್ಕೆ ಗೈಡು ಇದೆಯೇ? ಇರಲಿಲ್ಲ. ಹೆಸರೇ ಕೇಳಿರದ ಲೇಖಕಿಯ ಪುಸ್ತಕಕ್ಕೆ ಗೈಡು ಬರೆಯುವಷ್ಟು ಪ್ರಪಂಚ ಇನ್ನೂ ಕೆಟ್ಟಿರಲಿಲ್ಲ. ಆ ಕೊರತೆಯನ್ನು ನಾನೇ ತುಂಬಬೇಕಾಯಿತು. "ನಿಮಗಿಂತ ಯಾರಿಗೆ ಗೊತ್ತು ಮೇಡಂಗಾರು? ನೀವೇ ಬರೀರಿ, ಶಾಲೆ ಪ್ರಿಂಟ್ ಮಾಡುತ್ತೆ, ಮೇಲೆ ನಿಮ್ಮ ಹೆಸರು ಇರುತ್ತೆ" ಎಂದರು. ಹೆಸರಿನ ಮಾತು ಬಂದಾಗ ನಾನು ಬೇಡವೆನ್ನಲು ಬಾಯಿ ತೆರೆದದ್ದು ನಿಜ. ಆದರೆ ಹೊರಗೆ ಬಂದದ್ದು "ಯಾವಾಗ ಬೇಕ್ರೀ?" ಎಂಬ ಮಾತು.

ದಸರಾ ರಜೆಯೆಲ್ಲ ಕೂತು ಗೈಡು ಬರೆದೆ. ಪಾತ್ರ ಪರಿಚಯ, ಅಧ್ಯಾಯದ ಸಾರಾಂಶ, ಸಂಭವನೀಯ ಪ್ರಶ್ನೆಗಳು. ಗಾರ್ಡು ಎರಡನೇ ಪುಟದಲ್ಲಿ "ಸೋದರವಾತ್ಸಲ್ಯದ ಮೂರ್ತಿ"ಯಾದ. ಪ್ರತಿ ಪ್ರಶ್ನೆಗೂ ಐದು ಅಂಕ, ಐದು ಅಂಕಕ್ಕೆ ಐದು ಅಂಶ. ಉತ್ತರದಲ್ಲಿ ಆ ಅಂಶಗಳಿದ್ದರೆ ಅಂಕ, ಇಲ್ಲದಿದ್ದರೆ ಇಲ್ಲ. ನಾಲ್ಕು ಸೆಕ್ಷನ್ನಿನ ಪತ್ರಿಕೆ ಇಬ್ಬರು ತಿದ್ದುವಾಗ ಹೆಚ್ಚುಕಡಿಮೆ ಆಗಬಾರದಲ್ಲ. "ಕೊನೆಯಲ್ಲಿ ಆಕೆ ಗಾರ್ಡಿಗೆ ಏಕೆ ಸುಳ್ಳು ಬರೆದಳು?" ಎಂಬ ಪ್ರಶ್ನೆಗೆ ನಾನು ಬರೆದ ಅಂಶಗಳು ಇವು: ಸೋದರಪ್ರೇಮ, ಸ್ವಾಭಿಮಾನ, ದುಡಿಮೆಯ ಗೌರವ, ಆಶಾವಾದ. ಐದನೆಯದು ಹೊಳೆಯಲಿಲ್ಲ. ಆ ಸಂಜೆ ಚಹಾ ಕುಡಿಯುತ್ತ ಬಸವರಾಜ ಸರ್‌ಗೆ ಫೋನು ಮಾಡಿದೆ.

"ಸ್ವಚ್ಛತಾ ಹಾಕ್ರಿ ಮೇಡಂ" ಎಂದರು. "ಖಾನಾವಳಿ ಅಂದಮ್ಯಾಲ ಸ್ವಚ್ಛತಾ ಇರ್ಬೇಕಲ್ರೀ. ರಜಾ ಮುಗದ ಕೂಡ್ಲೆ ಸಾಲ್ಯಾಗ ಸ್ವಚ್ಛತಾ ಸಪ್ತಾಹನೂ ಐತಿ."

ಹಾಕಿದೆ. ನಕ್ಕುಕೊಂಡೇ ಹಾಕಿದೆ. ನಗುತ್ತ ಮಾಡಿದರೆ ಪಾಪ ಅರ್ಧವಾಗುತ್ತದೆ ಎಂಬ ನಂಬಿಕೆ ನನಗೆ ಮೊದಲಿನಿಂದಲೂ ಇದೆ.

ಗೈಡು ಬಂದ ಮೇಲೆ ಕಾದಂಬರಿಯನ್ನು ಯಾರೂ ತೆರೆಯಲಿಲ್ಲ. ಅದರಲ್ಲಿ ಮಕ್ಕಳ ತಪ್ಪಿಲ್ಲ. ಸಾರಾಂಶ ನಾನೇ ಬರೆದದ್ದು, ಚೆನ್ನಾಗಿಯೇ ಬರೆದಿದ್ದೆ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಹಿಮದ ಬದಲು ಸೋದರವಾತ್ಸಲ್ಯ ಬೀಳತೊಡಗಿತು. ಟಿಕ್, ಟಿಕ್ ಎಂದು ಹೋಗುತ್ತಿದ್ದ ನನ್ನ ಕೆಂಪು ಪೆನ್ನು ಪಲ್ಲವಿಯ ಪತ್ರಿಕೆಯ ಹತ್ತಿರ ಬಂದು ನಿಂತಿತು. ಪಲ್ಲವಿ ಬೀದರಿನ ಕಡೆಯ ಹುಡುಗಿ. ತಂದೆಗೆ ಬಾಲಾನಗರದಲ್ಲಿ ನೌಕರಿ. ತರಗತಿಯಲ್ಲಿ ಕೈಯೆತ್ತಿದವಳಲ್ಲ. ಅವಳು ಬರೆದಿದ್ದಳು: "ಅವಳು ಸುಳ್ಳು ಹೇಳಲಿಲ್ಲ. ಮುಚ್ಚಿದ ಖಾನಾವಳಿಯನ್ನು ಕಾಗದದ ಮೇಲೆ ಇನ್ನೊಂದು ದಿನ ನಡೆಸಿದಳು. ನಮ್ಮ ಅಜ್ಜಿ ಫೋನಿನಲ್ಲಿ 'ಊಟ ಆಯ್ತಾ' ಎಂದಾಗ ಆಗಿರದಿದ್ದರೂ ನಾನು ಆಯ್ತು ಅನ್ನುತ್ತೇನೆ. ಅಜ್ಜಿ ಕೇಳಿದ್ದು ಊಟದ ಬಗ್ಗೆ ಅಲ್ಲ. ಗಾರ್ಡು ಕೇಳಿದ್ದೂ ಊಟದ ಬಗ್ಗೆ ಅಲ್ಲ. ಅದು ಅವಳಿಗೆ ಗೊತ್ತಿತ್ತು. ಅದಕ್ಕೇ ಬದನೆಕಾಯಿಯ ವಿಷಯ ಬರೆದಳು."

ನಾನು ಅದನ್ನು ಎರಡು ಸಲ ಓದಿದೆ. ಬಸ್ಸಿನಲ್ಲಿ ನಿಂತು ಓದಿದಾಗ ನನಗೆ ಏನಾಯಿತೆಂದು ಇಷ್ಟು ವರ್ಷ ನನಗೆ ಹೇಳಲು ಬಂದಿರಲಿಲ್ಲ. ಹದಿನಾರರ ಹುಡುಗಿ ಏಳು ಸಾಲಿನಲ್ಲಿ ಹೇಳಿದ್ದಳು. ಆಮೇಲೆ ಅಂಶಗಳ ಪಟ್ಟಿ ತೆಗೆದು ಪಕ್ಕದಲ್ಲಿಟ್ಟುಕೊಂಡೆ. ಸೋದರಪ್ರೇಮ ಇಲ್ಲ. ದುಡಿಮೆಯ ಗೌರವ ಇಲ್ಲ. ಆಶಾವಾದ ಇಲ್ಲ. ಸ್ವಚ್ಛತೆ ಇಲ್ಲವೇ ಇಲ್ಲ. ಸ್ವಾಭಿಮಾನವನ್ನು ಎಳೆದು ತಂದರೆ ಒಂದು ಅಂಕ. ಉಳಿದ ಮೂರು ಸೆಕ್ಷನ್ನಿಗೆ ಒಂದು ಅಳತೆ, ಈ ಹುಡುಗಿಗೆ ಒಂದು ಅಳತೆ ಮಾಡಿದರೆ ನಾಳೆ ಬಸವರಾಜ ಸರ್ ಕೇಳುತ್ತಾರೆ, ಪ್ರಿನ್ಸಿಪಾಲರು ಕೇಳುತ್ತಾರೆ, ಗೋಡೆಯಾಚೆಯ ಪೇರೆಂಟ್ಸು ಕೇಳುತ್ತಾರೆ. ಐದಕ್ಕೆ ಒಂದೂವರೆ ಹಾಕಿದೆ. ಅರ್ಧ ಅಂಕ ನನ್ನ ಧೈರ್ಯದ್ದು.

ಪತ್ರಿಕೆ ಹಂಚಿದ ದಿನ ಅವಳು ವರಾಂಡದಲ್ಲಿ ನನ್ನ ಹಿಂದೆಯೇ ಬಂದಳು. ತರಗತಿಯಲ್ಲಿ ಇಂಗ್ಲಿಷು ಮಾತಾಡುವವಳು ಅಲ್ಲಿ ಕನ್ನಡಕ್ಕೆ ಇಳಿದಳು.

"ಮ್ಯಾಮ್, ನಾ ಬರದದ್ದು ತಪ್ಪೇನ್ರೀ?"

"ಇಲ್ಲವ್ವ, ತಪ್ಪೇನಿಲ್ಲ. ಭಾಳ ಛಲೋ ಬರದಿ."

"ಮತ್ತ ಒಂದೂವರೆ ಯಾಕ್ರೀ?"

"ಪಾಯಿಂಟ್ಸ್ ಬಂದಿಲ್ಲಲ್ಲ. ಐದು ಪಾಯಿಂಟ್ ಇರಬೇಕು."

"ಅವು ಪುಸ್ತಕದಾಗ ಇಲ್ರೀ ಮ್ಯಾಮ್. ನಾ ಎರಡು ಸಲ ಓದೀನಿ. ಕ್ಲಾಸಿನ್ಯಾಗ ಹೇಳಿದಂಗ ಅಂವ ಆಕಿಗಿ ಅಣ್ಣ ಅಂತ ಎಲ್ಲೂ ಬರದಿಲ್ಲ. ಯಾರು ಮಾಡ್ಯಾರ್ರೀ ಈ ಪಾಯಿಂಟ್ಸ್?"

ಅವಳ ಕೈಯಲ್ಲಿ ಗೈಡು ಇರಲಿಲ್ಲ. ಅವಳು ಅದನ್ನು ಕೊಂಡೇ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಪುಸ್ತಕ ಓದಿದ ಮೇಲೆ ಗೈಡು ಏಕೆ ಬೇಕು ಎಂದುಕೊಂಡಿದ್ದಳಂತೆ. ಗೈಡಿನ ಮುಖಪುಟದ ಮೇಲಿನ ನನ್ನ ಹೆಸರನ್ನು ಅವಳು ನೋಡಿಲ್ಲ ಎಂದು ಆ ಪ್ರಶ್ನೆಯಿಂದಲೇ ಖಾತ್ರಿಯಾಗಿ ನಾನು, "ಮ್ಯಾಲಿಂದ ಬರ್ತಾವವ್ವ, ನಮ್ಮ ಕೈಯಾಗ ಏನೂ ಇಲ್ಲ" ಎಂದೆ. ಎಷ್ಟು ಸಲೀಸಾಗಿ ಬಂತೆಂದರೆ, ನಾನೇ ಒಂದು ಕ್ಷಣ ನಂಬಿದೆ.

ಪಲ್ಲವಿ ವಾದಿಸಲಿಲ್ಲ. ವಾದಿಸಿದ್ದರೆ ನನಗೆ ಸಿಟ್ಟು ಮಾಡಿಕೊಳ್ಳಲಿಕ್ಕಾದರೂ ಅವಕಾಶವಿತ್ತು. "ಆತ್ರೀ ಮ್ಯಾಮ್" ಎಂದು ಬ್ಯಾಗಿನಿಂದ ನೋಟ್‌ಬುಕ್ಕು ತೆಗೆದು, ವರಾಂಡದ ಕಟ್ಟೆಯ ಮೇಲಿಟ್ಟುಕೊಂಡು, "ಆ ಐದೂ ಹೇಳ್ರಿ, ಬರಕೋತೀನಿ" ಎಂದಳು. ನಾನು ಹೇಳಿದೆ. ಐದನೆಯದನ್ನು ಹೇಳುವಾಗ ನಾನು ಕಟ್ಟೆಯಾಚೆ ನೋಡುತ್ತಿದ್ದೆ. ಅವಳು ಕಾಗುಣಿತದ ತಪ್ಪಿಲ್ಲದೆ ಬರೆದುಕೊಂಡಳು.

ವಾರ್ಷಿಕ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಪ್ರಶ್ನೆಪತ್ರಿಕೆ ತೆಗೆದವಳು ನಾನೇ. ಅವಳಿಗೆ ಇನ್ನೊಂದು ಅವಕಾಶ ಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ಯಾವುದಕ್ಕೆ ಅವಕಾಶ ಎಂದು ಯೋಚಿಸಿರಲಿಲ್ಲ. ಪಲ್ಲವಿಯ ಉತ್ತರದಲ್ಲಿ ಐದು ಅಂಶಗಳೂ ಒಂದರ ಕೆಳಗೆ ಒಂದು, ನಂಬರು ಹಾಕಿ, ಅಡಿಗೆರೆ ಎಳೆದು ನಿಂತಿದ್ದವು. ಅಜ್ಜಿ ಇರಲಿಲ್ಲ. ಬದನೆಕಾಯಿ ಇರಲಿಲ್ಲ. ತಿದ್ದಲಿಕ್ಕೆ ಒಂದು ಅಲ್ಪವಿರಾಮವೂ ಇರಲಿಲ್ಲ. ನಾನು ಐದಕ್ಕೆ ಐದು ಕೊಟ್ಟು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, ದುಂಡಗೆ, "ಬಹಳ ಸುಧಾರಿಸಿದ್ದೀಯ" ಎಂದು ಬರೆದು ಸಹಿ ಹಾಕಿದೆ.